ಮರೆಯಗೊಡದ ಫಟಫಟಿ

ವಯಸ್ಸಾದ ಹಿರಿಯರೊಬ್ಬರು ಮನೆಯಲ್ಲಿದ್ದರೆ ಅವರ ಮುಂದೆ ಈ ಒಂದು ಪ್ರಶ್ನೆಯನ್ನಿಟ್ಟು ನೋಡಬೇಕು: ‘ಪ್ರಾಯದಲ್ಲಿ ತಾವು ಯಾವ ಯಾವ ಮೋಟಾರ್ ಸೈಕಲ್ಲು ಇಟ್ಟಿದ್ದಿರಿ?’ ನಿನ್ನೆ ಕನ್ನಡಕವನ್ನು ಎಲ್ಲಿಟ್ಟೆವೆಂಬುದನ್ನು ಮರೆತವರು ಕೂಡ ಈ ಪ್ರಶ್ನೆಗೆ ತಡವರಿಸುವುದಿಲ್ಲ. ಗಾಡಿಯ ಹೆಸರು, ಬಣ್ಣ, ಕೊಂಡ ವರ್ಷ, ಕೊಟ್ಟ ಹಣ, ನೋಂದಣಿಯ ಸಂಖ್ಯೆ, ಎಲ್ಲವೂ ಗೋತ್ರಪ್ರವರದಂತೆ ಸರಾಗವಾಗಿ ಹೊರಬರುತ್ತವೆ. ಆದರೆ ಗಮನವಿಟ್ಟು ಕೇಳಿದವರಿಗೆ ಅದರಲ್ಲೊಂದು ವಿಚಿತ್ರ ತೋರದಿರದು. ಎಂದೂ ಕೈಕೊಡದೆ ದುಡಿದ ಗಾಡಿಯ ವಿಷಯ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಡುದಾರಿಯಲ್ಲಿ ನಿಂತು, ಕೈಗೆಲ್ಲ ಮಸಿ ಹಚ್ಚಿ, ಮನೆಗೆ ತಡವಾಗಿ ತಲುಪಿಸಿದ ಗಾಡಿಯ ಬಳಿಗೆ ಬಂದೊಡನೆ ಮಾತು ನಿಂತು, ಕಣ್ಣು ಹೊಳೆದು, ಕಥೆ ಬೆಳೆಯುತ್ತದೆ. ಹೀಗೇಕೆ? ಕಬ್ಬಿಣದ ಒಂದು ಯಂತ್ರದ ಮೇಲೆ ಮನುಷ್ಯನಿಗೆ ಹುಟ್ಟುವ ಈ ಮಮತೆಯ ಬೇರು ಎಲ್ಲಿದೆ? ಅದು ವಿಚಾರಿಸತಕ್ಕ ಸಂಗತಿಯೇ ಸರಿ.

ಎರೆಯ ನಾಡಿನ ಹಾದಿ

ವಿಚಾರಣೆಗೆ ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನ ಕನ್ನೊಳ್ಳಿಯ ಸೀಮೆ ತಕ್ಕ ಸ್ಥಳ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ ಒಮ್ಮೆಯಾದರೂ ಹೋಗಿಬಂದವರಿಗೆ ಆ ನೆಲದ ಸ್ವರೂಪ ಗೊತ್ತು. ಕಣ್ಣು ಹಾಯುವಷ್ಟು ದೂರ ಎರೆಭೂಮಿ. ಬಿಳಿಜೋಳ, ತೊಗರಿ, ಹತ್ತಿ. ನೆರಳಿಗೆಂದು ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಬೇಸಿಗೆಯಲ್ಲಿ ಆ ಕರಿಯ ಮಣ್ಣು ಬಾಯಿಬಿಟ್ಟು ಬಿರಿಯುತ್ತದೆ. ನಾಲ್ಕು ಹನಿ ಮಳೆ ಬಿದ್ದರೆ ಉಬ್ಬಿ, ಅಂಟಾಗಿ, ಕಾಲಿಟ್ಟವರ ಕಾಲನ್ನೇ ಹಿಡಿದುಕೊಳ್ಳುತ್ತದೆ. ಇಂಡಿಯ ಕಡೆ ಸೊಲ್ಲಾಪುರದ ರೈಲು ಹಾದುಹೋಗುತ್ತದೆ. ಸಿಂದಗಿಗೆ ರೈಲು ಬರಲಿಲ್ಲ. ಸಿಂದಗಿಯಿಂದ ಜಿಲ್ಲೆಯ ಊರಿಗೆ ಸುಮಾರು 60 ಕಿಲೋಮೀಟರು. ಹಳ್ಳಿಯಿಂದ ಹೊಲಕ್ಕೆ, ಹೊಲದಿಂದ ಪೇಟೆಗೆ, ಪೇಟೆಯಿಂದ ಕಚೇರಿಗೆ ಹೋಗಬೇಕಾದವನಿಗೆ ಎತ್ತಿನ ಬಂಡಿ, ಸೈಕಲ್ಲು, ದಿನಕ್ಕೊಮ್ಮೆಯೋ ಎರಡು ಬಾರಿಯೋ ಬರುವ ಬಸ್ಸು, ಇಷ್ಟೇ ಗತಿಯಾಗಿದ್ದ ಕಾಲ ಬಹಳ ಹಿಂದಿನದೇನಲ್ಲ.

ಅಂಥ ನಾಡಿಗೆ ಮೋಟಾರ್ ಸೈಕಲ್ಲು ಬಂದಾಗ ಜನ ಅದಕ್ಕೆ ಕಂಪನಿಯವರಿತ್ತ ಹೆಸರನ್ನು ಬಳಸಲಿಲ್ಲ. ಅದು ಮಾಡುವ ಸದ್ದನ್ನೇ ಹೆಸರಾಗಿಸಿ ‘ಫಟಫಟಿ’ ಎಂದರು. ಇಂದಿಗೂ ಆ ಕಡೆಯ ಹಳಬರ ಬಾಯಲ್ಲಿ ಎಲ್ಲ ಮೋಟಾರ್ ಸೈಕಲ್ಲುಗಳೂ ಫಟಫಟಿಯೇ.

ಕನ್ನೊಳ್ಳಿಯಲ್ಲಿ ಒಂದು ಒಕ್ಕಲುತನದ ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಮನೆಯೂ ಮನೆಯವರೂ ಕಲ್ಪನೆಯವರು. ಅವರ ಪಡಸಾಲೆಯ ಮುಂದೆ ಬಂದು ನಿಂತ ಗಾಡಿಗಳು ಮಾತ್ರ ಕಲ್ಪನೆಯವಲ್ಲ. ಮನೆಗೆ ಹಿರಿಯರು ಎಂಬತ್ತರ ಹೊಸ್ತಿಲಿನಲ್ಲಿರುವ ಮುತ್ಯಾ. ಅಜ್ಜನನ್ನು ಆ ಸೀಮೆಯಲ್ಲಿ ಕರೆಯುವುದು ಹಾಗೆಯೇ. ಅವರ ಜೊತೆಗೆ ಆಯಿ. ಮಗ ಹೊಲ ನೋಡಿಕೊಳ್ಳುತ್ತಾನೆ. ಮೊಮ್ಮಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಗೋಣಿತಟ್ಟಿನ ಕೆಳಗೆ, ಕೆಂಗಂದು ಬಣ್ಣದ ಒಂದು ಜಾವಾ. ಈ ಮನೆಯಲ್ಲಿ ಇತ್ತೀಚೆಗೆ ಎದ್ದಿರುವ ಚರ್ಚೆ ಆ ಜಾವಾದ ಭವಿಷ್ಯದ್ದು.

ಮೈಸೂರಿನಿಂದ ಬಂದದ್ದು

ಮುತ್ಯಾ ಕಂಡ ಮೊದಲ ಫಟಫಟಿ ಜಾವಾ ಅಲ್ಲ. ಅವರ ಕಾಕಾ ಒಬ್ಬರು ಎಲ್ಲಿಂದಲೋ ತಂದಿದ್ದ ಹಳೆಯ ಬಿ.ಎಸ್.ಎ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಇಂಥ ಗಾಡಿಗಳು ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ ದೂರದೂರದ ಊರುಗಳನ್ನು ಸೇರಿದ್ದವು. ಅವುಗಳ ಬಿಡಿಭಾಗ ಸಿಗುವುದು ದುಸ್ತರವಾಗಿತ್ತು. ಸ್ವಾತಂತ್ರ್ಯಾನಂತರ ಸರಕಾರ ಪರದೇಶದ ವಾಹನಗಳ ಆಮದನ್ನು ಬಿಗಿಗೊಳಿಸಿದ ಮೇಲಂತೂ ಅಂಥ ಗಾಡಿ ಒಮ್ಮೆ ನಿಂತರೆ ನಿಂತಂತೆಯೇ. ಕಾಕಾನ ಬಿ.ಎಸ್.ಎ.ಗೂ ಅದೇ ಗತಿಯಾಯಿತು.

ಆಮದಿಗೆ ಬಿದ್ದ ಆ ತಡೆಯೇ ನಮ್ಮ ದೇಶದಲ್ಲಿ ಮೋಟಾರ್ ಸೈಕಲ್ಲಿನ ಕಾರ್ಖಾನೆಗಳು ತಲೆಯೆತ್ತಲು ಕಾರಣವಾಯಿತು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿಯೊಡನೆ ಕೂಡಿ ಮದ್ರಾಸ್ ಮೋಟಾರ್ಸ್‌ನವರು ಎನ್‌ಫೀಲ್ಡ್ ಇಂಡಿಯಾ ಕಂಪನಿಯನ್ನು ಕಟ್ಟಿದರು. ಮದರಾಸಿನ ತಿರುವೊಟ್ಟಿಯೂರಿನಲ್ಲಿ ಬುಲೆಟ್ ತಯಾರಾಗತೊಡಗಿತು. ಅದಾದ ಕೆಲವೇ ವರ್ಷಗಳಿಗೆ ಮೈಸೂರಿನ ಸರದಿ ಬಂತು.

ಜಾವಾದ ಜಾತಕ ಸ್ವಾರಸ್ಯವಾದದ್ದು. ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಅಕ್ಷರವನ್ನೂ ವಾಂಡರರಿನ ಮೊದಲ ಅಕ್ಷರವನ್ನೂ ಜೋಡಿಸಿದ. ಹೀಗೆ ‘ಜಾವಾ’ ಹುಟ್ಟಿತು. ಜಾವಾ ದ್ವೀಪಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಮುಂಬಯಿಯಲ್ಲಿ ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಪಾರಸಿ ಇರಾನಿ ಮನೆತನದ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಅದನ್ನು ಇಲ್ಲಿಯೇ ತಯಾರಿಸಲು ಮುಂದೆ ಬಂದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಪ್ರೋತ್ಸಾಹ ಅವರಿಗೆ ದೊರೆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿ, 1961ರ ಹೊತ್ತಿಗೆ ಗಾಡಿಗಳು ಹೊರಬರತೊಡಗಿದವು.

ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಏಕೀಕರಣವಾಗಿ ಐದು ವರ್ಷ ಕಳೆಯುವಷ್ಟರಲ್ಲಿ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿನಿಂದ, ಸ್ವಂತ ರಾಜ್ಯದಲ್ಲೇ ತಯಾರಾದ ಮೋಟಾರ್ ಸೈಕಲ್ಲು ಬಂತು. ಮೈಸೂರಿನ ಅರಮನೆಯನ್ನು ಕಾಣದ, ದಸರೆಗೆ ಹೋಗದ ಎಷ್ಟೋ ಬಯಲುಸೀಮೆಯ ಮನೆಗಳಿಗೆ ಮೈಸೂರಿನ ಮೊದಲ ಪರಿಚಯವಾದದ್ದು ಈ ಗಾಡಿಯ ಮೂಲಕ.

ಒಂದು ವರ್ಷ ಜೋಳ ಚೆನ್ನಾಗಿ ಬಂತು. ಮುತ್ಯಾ ಬಿಜಾಪುರಕ್ಕೆ ಹೋಗಿ ಜಾವಾ ತಂದರು. ದುಂಡನೆಯ ಪೆಟ್ರೋಲ್ ಟ್ಯಾಂಕು, ಅದರ ಎರಡು ಮಗ್ಗುಲಿಗೆ ಹೊಳೆಯುವ ಕ್ರೋಮಿಯಂ ಲೇಪ, ಮೊಣಕಾಲು ಒತ್ತಿಕೊಳ್ಳಲು ರಬ್ಬರಿನ ಹಚ್ಚಡ. ದೀಪದ ಬುರುಡೆಯಲ್ಲೇ ವೇಗಮಾಪಕ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಎಂಜಿನ್ನಿನ ಗಾತ್ರ 248.5 ಘನ ಸೆಂಟಿಮೀಟರು. ಶಕ್ತಿ ಸುಮಾರು 12 ಅಶ್ವಶಕ್ತಿ. ಓಣಿಯ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಅದರ ಎಡಗಡೆಯ ಲಿವರು. ಒಳಕ್ಕೊತ್ತಿ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್. ಗಾಡಿ ಹೊತ್ತಿಕೊಂಡ ಮೇಲೆ ಕೆಳಗಿಳಿಸಿದರೆ ಅದೇ ಗೇರು. ಒಂದು ಕೋಲಿಗೆ ಎರಡು ಕೆಲಸ! ಒಕ್ಕಲಿಗನಿಗೆ ಇಂಥ ಮಿತವ್ಯಯ ಬಲು ಮೆಚ್ಚಿಗೆ.

ಎರೆಭೂಮಿಗೆ ಒಪ್ಪುವ ಇನ್ನೊಂದು ಗುಣವೂ ಅದಕ್ಕಿತ್ತು. ಹಿಂದಿನ ಗಾಲಿಯನ್ನು ತಿರುಗಿಸುವ ಚೈನಿಗೆ ಪೂರ್ತಿ ಮುಚ್ಚಿದ ಕವಚ. ಬೇಸಿಗೆಯ ಧೂಳಾಗಲಿ ಮಳೆಗಾಲದ ರಾಡಿಯಾಗಲಿ ಚೈನನ್ನು ಸುಲಭವಾಗಿ ಮುಟ್ಟುತ್ತಿರಲಿಲ್ಲ. ಆದರೆ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಎರೆಮಣ್ಣು ತುಂಬಿಕೊಂಡರೆ ಅದಕ್ಕೆ ಯಾವ ಕಂಪನಿಯೂ ಉಪಾಯ ಕಂಡುಹಿಡಿದಿರಲಿಲ್ಲ. ಮಣ್ಣು ಗಟ್ಟಿಯಾಗಿ ಗಾಲಿ ನಿಂತೇಬಿಡುತ್ತಿತ್ತು. ಅದಕ್ಕಾಗಿ ಮುತ್ಯಾ ಜಾಲಿಯ ಕೋಲೊಂದನ್ನು ಸೀಟಿನ ಪಕ್ಕಕ್ಕೆ ಕಟ್ಟಿರುತ್ತಿದ್ದರು. ಹತ್ತು ಮಾರಿಗೊಮ್ಮೆ ಇಳಿದು ಮಣ್ಣು ಕೆದರುವುದು, ಮತ್ತೆ ಏರುವುದು. ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋಗುವಾಗ ಟ್ಯಾಂಕಿನ ಮೇಲೊಬ್ಬ ಮಗ, ಹಿಂದೆ ಬುತ್ತಿಯ ಗಂಟಿನೊಡನೆ ಆಯಿ. ದಸರೆಯಲ್ಲಿ ಕೂರಿಗೆ, ಕುಂಟೆಗಳ ಸಾಲಿನಲ್ಲಿ ಜಾವಾಕ್ಕೂ ಪೂಜೆ.

ಎರಡು ಸ್ಟ್ರೋಕಿನ ಗಾಡಿಯ ಉಪಚಾರ

ಜಾವಾದ ಎಂಜಿನ್ನು ಎರಡು ಸ್ಟ್ರೋಕಿನದು. ಅದರ ಅರ್ಥವನ್ನು ತಿಳಿಯದೆ ಮುಂದಿನ ಕಥೆ ತಿಳಿಯದು. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಬಾರಿ ಮೇಲೇರಿ ಕೆಳಗಿಳಿದಾಗ ಒಮ್ಮೆ ಇಂಧನ ಹೊತ್ತಿಕೊಳ್ಳುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುತ್ತದೆ. ಕವಾಟಗಳ ಗೊಡವೆಯಿಲ್ಲ, ಚಲಿಸುವ ಭಾಗಗಳು ಕಡಿಮೆ, ಬಿಚ್ಚಿ ಜೋಡಿಸುವುದು ಸುಲಭ. ಆದರೆ ಎಂಜಿನ್ನಿನ ಒಳಗೆ ಜಿಡ್ಡಿಗೆ ಬೇರೆ ವ್ಯವಸ್ಥೆ ಇಲ್ಲದ್ದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಆಗಿನ ಜಾವಾಕ್ಕೆ ಲೀಟರಿಗೆ ಸುಮಾರು 40 ಮಿಲಿಲೀಟರು. ಎಣ್ಣೆ ಹೆಚ್ಚಾದರೆ ಹೊಗೆ. ಕಡಿಮೆಯಾದರೆ ಪಿಸ್ಟನ್ನು ಕಾದು ಸಿಲಿಂಡರಿನಲ್ಲಿ ಹಿಡಿದುಕೊಂಡು ಗಾಡಿ ಕಲ್ಲಿನಂತೆ ನಿಲ್ಲುವುದು. ಅಡುಗೆಗೆ ಉಪ್ಪು ಹಾಕುವ ಕೈಯಂತೆ ಎಣ್ಣೆ ಬೆರೆಸುವ ಕೈಯೂ ಪಳಗಬೇಕಿತ್ತು.

ಎಣ್ಣೆ ಉರಿದರೆ ಮಸಿ ಕಟ್ಟುವುದು ಸಹಜ. ಮಸಿ ಪ್ಲಗ್ಗಿನ ತುದಿಯಲ್ಲಿ ಕೂತರೆ ಕಿಡಿ ಹಾರದು. ಸೈಲೆನ್ಸರಿನಲ್ಲಿ ಕೂತರೆ ಉಸಿರು ಕಟ್ಟಿ ಗಾಡಿ ಓಡದು. ಆದ್ದರಿಂದ ಜೇಬಿನಲ್ಲೊಂದು ಹೆಚ್ಚಿನ ಪ್ಲಗ್ಗು ಮತ್ತು ಅಂಗೈಯಗಲದ ಉಜ್ಜುಕಾಗದ ಇಟ್ಟುಕೊಳ್ಳದೆ ಯಾರೂ ಊರು ಬಿಡುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಸೈಲೆನ್ಸರಿನ ಒಳಕೊಳವೆಯನ್ನು ಹೊರಗೆಳೆದು ಹಿತ್ತಿಲ ಬೆಂಕಿಯಲ್ಲಿ ಸುಟ್ಟು, ಮಸಿಯನ್ನು ಬಡಿದು ಉದುರಿಸುತ್ತಿದ್ದರು. ಆರು ವೋಲ್ಟಿನ ಬ್ಯಾಟರಿ. ರಾತ್ರಿ ದೀಪದ ಬೆಳಕು ಕಂದೀಲಿಗೂ ನಾಚಿಕೆಯಾಗುವಷ್ಟು ಮಂದ. ಹುಣ್ಣಿಮೆಯ ಆಸುಪಾಸಿನಲ್ಲಿ ಪಯಣವನ್ನಿಟ್ಟುಕೊಳ್ಳುವುದು ಜಾಣತನವೆನಿಸಿತ್ತು.

ಈ ಉಪಚಾರಗಳೆಲ್ಲ ಹೊರೆಯೇ. ಆದರೆ ಹೊರೆ ಹೊತ್ತವನಿಗೆ ಗಾಡಿಯ ಒಳಗು ಹೊರಗುಗಳ ಪೂರ್ಣ ಪರಿಚಯವಾಯಿತು. ಸದ್ದಿನಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಕಿವಿಗೆ ತಿಳಿಯುತ್ತಿತ್ತು. ಓದುಬರಹ ಅಷ್ಟಕ್ಕಷ್ಟೆಯಾಗಿದ್ದ ಅನೇಕರು ವಿದ್ಯುತ್ತಿನ ಕಿಡಿ, ಗಾಳಿ ಮತ್ತು ಇಂಧನದ ಮಿಶ್ರಣ, ಕಾಂತದ ಗುಣ, ಇವನ್ನೆಲ್ಲ ಕಲಿತದ್ದು ಈ ಗಾಡಿಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು. ಹೊಲಕ್ಕೆ ನೀರೆತ್ತುವ ಎಂಜಿನ್ನು ಬಂದಾಗ ಆ ಕೈಗಳಿಗೆ ಅದು ಹೊಸತೆನಿಸಲಿಲ್ಲ.

ಎಡಬಲದ ಪೇಚು

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮೈಸೂರಿನ ಗಾಡಿಗೂ ಹೊಸ ನಾಮಕರಣವಾಯಿತು. ಚೆಕ್ ಕಂಪನಿಯೊಡನೆ ಇದ್ದ ಪರವಾನಗಿಯ ಒಪ್ಪಂದ ಮುಗಿದು, ಇರಾನಿಗಳು ತಮ್ಮ ಪೂರ್ವಿಕರ ನಾಡಿನ ಯಜ್ದ್ ನಗರವನ್ನು ನೆನೆದು ಗಾಡಿಗೆ ‘ಯೆಜ್ದಿ’ ಎಂದು ಹೆಸರಿಟ್ಟರು. 1978ರಲ್ಲಿ ಬಂದ ರೋಡ್‌ಕಿಂಗ್ ತರುಣರ ಮನಸ್ಸನ್ನು ಸೂರೆಗೊಂಡಿತು. ಕನ್ನೊಳ್ಳಿಯ ಆ ಮನೆಯಲ್ಲಿ ಮುತ್ಯಾನ ತಮ್ಮ ಹಟ ಹಿಡಿದು ತರಿಸಿಕೊಂಡದ್ದು ಅದನ್ನೇ. ಹೆಸರು ಬದಲಾದರೂ ಲಿವರು ಅದೇ, ಎಣ್ಣೆಯ ಲೆಕ್ಕಾಚಾರ ಅದೇ, ಮಸಿಯೂ ಅದೇ.

ಆಯಿಯ ಅಣ್ಣನ ಮನೆಯಲ್ಲಿ ಬುಲೆಟ್. ಬೀಗರ ಮನೆಯ ಗಾಡಿಯೆಂದ ಮೇಲೆ ಪೈಪೋಟಿ ಇಲ್ಲದಿದ್ದೀತೆ? 346 ಘನ ಸೆಂಟಿಮೀಟರಿನ ಆ ಗಾಡಿಯ ಗಾಂಭೀರ್ಯವೇ ಬೇರೆ. ಅದನ್ನು ಹೊತ್ತಿಸುವುದು ಒಂದು ಅನುಷ್ಠಾನ. ಅಮ್ಮೀಟರಿನ ಮುಳ್ಳು ನಡುವೆ ಬಂದು ನಿಲ್ಲುವವರೆಗೆ ಕಿಕ್ಕನ್ನು ಮೆಲ್ಲಗೆ ಒತ್ತಬೇಕು. ಡಿಕಂಪ್ರೆಸರಿನ ಪುಟ್ಟ ಲಿವರನ್ನು ಹಿಡಿದು ಪಿಸ್ಟನ್ನನ್ನು ದಾಟಿಸಬೇಕು. ಬಳಿಕ ಒಂದೇ ಏಟಿಗೆ ತುಳಿಯಬೇಕು. ಅವಸರ ಮಾಡಿದವನ ಕಾಲನ್ನು ಕಿಕ್ಕು ತಿರುಗಿ ಒದೆಯುತ್ತಿತ್ತು. ಅದಕ್ಕಿಂತ ದೊಡ್ಡ ಪೇಚು ಇನ್ನೊಂದು: ಜಾವಾದಲ್ಲಿ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ, ಆಗಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೀಗರು ಒಬ್ಬರ ಗಾಡಿಯನ್ನು ಒಬ್ಬರು ಏರಿದ ದಿನ ಬೇಲಿಗೆ ನುಗ್ಗದೆ ಮನೆಗೆ ಬಂದರೆ ಅದೇ ಪುಣ್ಯ. 1990ರ ದಶಕದಲ್ಲಿ ಡೀಸೆಲ್ ಬುಲೆಟ್ಟು ಆ ಸೀಮೆಯ ರೈತರಿಗೆ ಹಿಡಿಸಿತು. ವೇಗ ಸಾಲದು, ನಡುಕ ವಿಪರೀತ, ಆದರೆ ಟ್ರ್ಯಾಕ್ಟರಿಗೆ ತಂದ ಡೀಸೆಲ್ಲಿನಲ್ಲೇ ಅದರ ಹೊಟ್ಟೆಯೂ ತುಂಬುತ್ತಿತ್ತು. ಪೋಲೆಂಡಿನ ವಿನ್ಯಾಸವನ್ನು ಆಧರಿಸಿ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ ರಾಜದೂತ ಕೂಡ ಹಾಲಿನ ಕ್ಯಾನುಗಳನ್ನು ಹೊತ್ತು ಅನೇಕ ವರ್ಷ ಹಳ್ಳಿಗಳಲ್ಲಿ ದುಡಿಯಿತು.

ತುಂಬಿಸು, ಮುಚ್ಚು, ಮರೆತುಬಿಡು

1985ನೆಯ ಇಸವಿ ಈ ಇತಿಹಾಸವನ್ನು ಎರಡು ಭಾಗ ಮಾಡಿತು. ಆ ವರ್ಷ ಹೀರೋ ಹೋಂಡಾ ಕಂಪನಿಯ ಸಿ.ಡಿ. 100 ಬಂತು, ಯಮಾಹಾದ ಆರ್.ಎಕ್ಸ್. 100 ಕೂಡ ಅದೇ ವರ್ಷದ್ದು. ಎರಡೂ ನೂರು ಸಿ.ಸಿ.ಯ ಒಳಗಿನವು, ಗುಣದಲ್ಲಿ ಮಾತ್ರ ಉತ್ತರ-ದಕ್ಷಿಣ. ಯಮಾಹಾ ಎರಡು ಸ್ಟ್ರೋಕಿನ ಚುರುಕು ಕುದುರೆ. ಕಾಲೇಜಿನ ಹುಡುಗರ ಕಣ್ಮಣಿ. ಹೀರೋ ಹೋಂಡಾ ನಾಲ್ಕು ಸ್ಟ್ರೋಕಿನ ಸಾಧು ಎತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾಗಿಲ್ಲ, ಹೊಗೆಯಿಲ್ಲ, ಲೀಟರಿಗೆ ಎಂಬತ್ತು ಕಿಲೋಮೀಟರಿನ ಮಾತು. ಅದರ ಜಾಹೀರಾತು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದರ ಭಾವ ಇಷ್ಟೆ: ತುಂಬಿಸು, ಮುಚ್ಚು, ಮರೆತುಬಿಡು.

ಜನ ಅದನ್ನು ನಂಬಿದರು. ಗಾಡಿಯೂ ಆ ಮಾತನ್ನು ಉಳಿಸಿಕೊಂಡಿತು. ಮೊದಲ ಒದೆತಕ್ಕೆ ಹೊತ್ತಿಕೊಳ್ಳುವ, ಪೆಟ್ರೋಲನ್ನು ಮೂಸಿ ಓಡುವ ಗಾಡಿ ಬಂದ ಮೇಲೆ ಮೈಸೂರಿನ ಗಾಡಿಗೆ ಗಿರಾಕಿ ಕಡಿಮೆಯಾದದ್ದು ಆಶ್ಚರ್ಯವಲ್ಲ. ಹೊಗೆಯ ಮೇಲಿನ ಕಾನೂನುಗಳು ಬಿಗಿಯಾಗತೊಡಗಿದವು. ಕಾರ್ಖಾನೆಯೊಳಗಿನ ತೊಂದರೆಗಳೂ ಬೆಳೆದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗಿ, ದುಡಿದ ಗಾಡಿಗಳ ಸದ್ದನ್ನು ಬೀದಿಯಲ್ಲಿ ಗುರುತಿಸಿ ಹೆಮ್ಮೆಪಡುತ್ತಿದ್ದ ಕುಟುಂಬಗಳ ಅನ್ನದ ದಾರಿ ನಿಂತಿತು. ಗಾಡಿಯ ಮೇಲಿನ ಮಮತೆಯ ಮಾತು ಬಂದಾಗಲೆಲ್ಲ ಅದನ್ನು ಕೈಯಾರೆ ಕಟ್ಟಿದವರ ನೆನಪು ಹಿಂದೆ ಉಳಿಯುವುದು ಸರಿಯಲ್ಲ. ಯಮಾಹಾದ ಆರ್.ಎಕ್ಸ್. 100ರ ತಯಾರಿಕೆಯೂ 1996ರಲ್ಲೇ ನಿಂತದ್ದು ಕಾಲದ ಒಂದು ಕಾಕತಾಳೀಯ.

ಕನ್ನೊಳ್ಳಿಯ ಮನೆಗೂ ಹೀರೋ ಹೋಂಡಾ ಬಂತು. ಹದಿನೆಂಟು ವರ್ಷ ದುಡಿಯಿತು. ಗೊಬ್ಬರದ ಚೀಲ ಹೊತ್ತಿತು, ಮಕ್ಕಳನ್ನು ಶಾಲೆಗೆ ಒಯ್ದಿತು, ಮದುವೆಯ ಕರೆಯೋಲೆಗಳನ್ನು ಹತ್ತಾರು ಊರಿಗೆ ಮುಟ್ಟಿಸಿತು. ಕೊನೆಗೊಂದು ದಿನ ಹಳೆಯ ಕಬ್ಬಿಣದವನು ಕೊಟ್ಟಷ್ಟು ಕೊಟ್ಟು ಒಯ್ದ. ಅದರ ಸಂಖ್ಯೆ ಏನಿತ್ತೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮರೆತುಬಿಡು ಎಂದು ಹೇಳಿ ಬಂದ ಗಾಡಿಯನ್ನು ನಿಜವಾಗಿಯೂ ಮರೆತರು!

ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ಒಂದು ಎಳೆ ಇಲ್ಲಿ ಸಿಗುತ್ತದೆ. ಮನುಷ್ಯ ಪ್ರೀತಿಸುವುದು ತನ್ನ ಸೇವೆ ಮಾಡಿದ್ದನ್ನಲ್ಲ, ತಾನು ಸೇವೆ ಮಾಡಿದ್ದನ್ನು. ಎತ್ತಿಗೆ ಮೈ ತೊಳೆದವನಿಗೆ ಎತ್ತಿನ ಮೇಲೆ, ಗಿಡಕ್ಕೆ ನೀರೆರೆದವನಿಗೆ ಗಿಡದ ಮೇಲೆ ಮಮತೆ. ಗಾಡಿಯದೂ ಅದೇ ನ್ಯಾಯ.

ಕಂದೀಲು ಹಿಡಿದವರ ಸಾಕ್ಷಿ

ಆದರೆ ಇಷ್ಟಕ್ಕೇ ತೀರ್ಪು ಬರೆದರೆ ಅರ್ಧ ಸಾಕ್ಷಿಯನ್ನು ಕೇಳದೆ ಬರೆದಂತಾದೀತು. ಮೋಟಾರ್ ಸೈಕಲ್ಲಿನ ಮುಂದೆ ಕೂತವರ ನೆನಪು ಒಂದು. ಹಿಂದೆ ಕೂತವರ, ಬಾಗಿಲಲ್ಲಿ ಕಾದವರ ನೆನಪು ಇನ್ನೊಂದು. ಜಾವಾದ ಗುಣಗಾನ ಮಿತಿಮೀರಿದ ಒಂದು ಸಂಜೆ ಆಯಿ ಒಳಗಿನಿಂದಲೇ ಹೇಳಿದರು:

“ನಿಮ್ಮ ಮುತ್ಯಾನ ಜಾವಾ ಪುರಾಣ ಕೇಳಿ ಕೇಳಿ ಕಿವಿ ತೂತು ಬಿದ್ದಾವ. ಮಳ್ಯಾಗ ಕಂದೀಲು ಹಿಡಕೊಂಡ ನಿಂತಾಕಿ ನಾನು. ಅದು ಚಾಲೂ ಆಗಲಿ ಅಂತ ಹರಕಿ ಹೊತ್ತಾಕಿನೂ ನಾನs.”

ಆ ಮಾತಿನ ಹಿಂದೆ ಒಂದು ರಾತ್ರಿಯಿದೆ. ಎರಡನೆಯ ಕೂಸಿಗೆ ಜ್ವರ ನೆತ್ತಿಗೇರಿತ್ತು. ಹೊರಗೆ ಜಡಿಮಳೆ. ಪಾಯಿಂಟಿಗೆ ನೀರು ಸೇರಿ ಜಾವಾ ಕಿಡಿ ಹಾರಿಸಲಿಲ್ಲ. ಅದು ಗಾಡಿಯ ತಪ್ಪೆನ್ನುವಂತಿಲ್ಲ. ಅಂಥ ಮಳೆಗೆ ಅಂದಿನ ಯಾವ ಗಾಡಿಯೂ ತಲೆಬಾಗುತ್ತಿತ್ತು. ಮುತ್ಯಾ ಒಲೆಯ ಬಳಿ ಕೂತು ಪ್ಲಗ್ಗು ಒಣಗಿಸಿದರು. ಆಯಿ ಸೆರಗನ್ನು ಗಾಡಿಗೆ ಮರೆಮಾಡಿ ಹಿಡಿದರು. ಹೊತ್ತಿಕೊಳ್ಳುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಕೂಸು ಉಳಿಯಿತು. ಮುತ್ಯಾನ ಬಾಯಲ್ಲಿ ಅದು ಗಾಡಿಯನ್ನು ಗೆದ್ದ ಕಥೆ. ಆಯಿಯ ಬಾಯಲ್ಲಿ ಆ ಎರಡು ತಾಸಿಗೆ ಹೆಸರೇ ಇಲ್ಲ. ‘ನಿಮಗೆ ಯಾವ ಗಾಡಿ ಇಷ್ಟ?’ ಎಂದು ಕೇಳಿದರೆ ಅವರು ಅನುಮಾನಿಸದೆ ಹೀರೋ ಹೋಂಡಾ ಎನ್ನುತ್ತಾರೆ. ಮನೆಯವರೆಲ್ಲ ಮರೆತ ಆ ಗಾಡಿಯನ್ನು ಮರೆಯದವರು ಅವರೊಬ್ಬರೇ. ಏಕೆಂದರೆ ಅದು ಬಂದ ಮೇಲೆ ಅವರು ಬಾಗಿಲಲ್ಲಿ ನಿಂತು ಕಾಯಬೇಕಾಗಲಿಲ್ಲ.

ಹಳೆಯ ಗಾಡಿಗಳ ಹೊಗಳಿಕೆಯನ್ನು ಕೇಳುವಾಗ ಈ ಸಾಕ್ಷಿಯನ್ನೂ ನೆನಪಿನಲ್ಲಿಡಬೇಕು. ಟ್ಯಾಂಕಿನ ಮೇಲೆ ಮಗು, ಹಿಂದೆ ಇಬ್ಬರು, ತಲೆಗೆ ಹೆಲ್ಮೆಟ್ಟಿಲ್ಲದ ಸವಾರಿಗಳನ್ನು ನೆನೆದು ಸಂತೋಷಪಡುವವರು, ಅಂದು ಕ್ಷೇಮವಾಗಿ ಮನೆಗೆ ಬಂದವರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು ಬಾರದವರ ಲೆಕ್ಕವನ್ನಿಟ್ಟುಕೊಂಡೇ. ನೆನಪನ್ನು ಉಳಿಸಿಕೊಳ್ಳಬಹುದು, ಆ ರೂಢಿಯನ್ನು ಉಳಿಸಿಕೊಳ್ಳಬೇಕಾಗಿಲ್ಲ.

ಮಾರುವುದೋ, ಉಳಿಸುವುದೋ

ಕಾಲ ಮತ್ತೊಮ್ಮೆ ಮಗ್ಗುಲು ಬದಲಿಸಿದೆ. ಗುಜರಿಗೆ ಹೋಗುತ್ತಿದ್ದ ಜಾವಾ, ಯೆಜ್ದಿಗಳನ್ನು ಹುಡುಕಿಕೊಂಡು ನಗರದಿಂದ ಜನ ಬರುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಪ್ರೇಮಿಗಳ ಸಂಘಗಳಿವೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುತ್ತಾರೆ. 2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾದ ಹೆಸರನ್ನೂ, 2022ರ ಜನವರಿಯಲ್ಲಿ ಯೆಜ್ದಿಯ ಹೆಸರನ್ನೂ ಮತ್ತೆ ರಸ್ತೆಗೆ ತಂದಿತು. ರೂಪದಲ್ಲಿ ಹಳೆಯದರ ಛಾಯೆ. ಒಳಗೆ ನಾಲ್ಕು ಸ್ಟ್ರೋಕಿನ ಹೊಸ ಎಂಜಿನ್ನು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ.

ಕನ್ನೊಳ್ಳಿಯ ಮೊಮ್ಮಗನ ಆಸೆ, ಮುತ್ಯಾನ ಜಾವಾವನ್ನು ಬೆಂಗಳೂರಿಗೆ ಒಯ್ದು ಹೊಳಪು ಕೊಡಿಸಿ ಮೆರವಣಿಗೆಗೆ ಇಳಿಸಬೇಕೆಂದು. ಮಗನ ಅಭಿಪ್ರಾಯ, ಒಳ್ಳೆಯ ಬೆಲೆ ಬಂದಾಗಲೇ ಮಾರಿ ಕೊಳವೆಬಾವಿಯ ಸಾಲ ತೀರಿಸಬೇಕೆಂದು. ಎರಡು ಮಾತಿನಲ್ಲೂ ನ್ಯಾಯವಿದೆ. ಕಾನೂನಿನ ತೊಡಕೂ ಇದೆ. ಸ್ವಂತದ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೊಡ್ಡಿ ನವೀಕರಿಸಬೇಕು. ಮೋಟಾರ್ ಸೈಕಲ್ಲಿಗೆ 300 ರೂಪಾಯಿಯಿದ್ದ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 1,000 ರೂಪಾಯಿಗೇರಿತು. 50 ವರ್ಷ ದಾಟಿ ಮೂಲರೂಪದಲ್ಲಿರುವ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರಕಾರ 2021ರ ಜುಲೈನಲ್ಲಿ ನಿಯಮ ಮಾಡಿತು. ಅದಕ್ಕೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದ ಕಾರಣಗಳಿಗಷ್ಟೆ ರಸ್ತೆಗಿಳಿಸಬಹುದು, ದಿನದ ಬಳಕೆಗಿಲ್ಲ. ಎಂದರೆ ಜಾವಾಕ್ಕೆ ಗೌರವದ ಪಟ್ಟ ಸಿಕ್ಕ ದಿನವೇ ಹೊಲದ ಹಾದಿ ಅದಕ್ಕೆ ಮುಚ್ಚಿತು.

ಇನ್ನೊಂದು ಎಚ್ಚರಿಕೆಯ ಮಾತು. ಅನೇಕ ಮನೆಗಳಲ್ಲಿ ತೀರಿಹೋದ ತಂದೆಯ ಹೆಸರಿನಲ್ಲೇ ಗಾಡಿ ನಿಂತಿರುತ್ತದೆ. ಒಡೆಯರು ತೀರಿಕೊಂಡ 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಪ್ರೀತಿಯಿಂದ ಉಳಿಸಿಕೊಂಡ ಗಾಡಿ ಕಾಗದವಿಲ್ಲದೆ ಮೂಲೆ ಸೇರಬಾರದು.

ಮುತ್ಯಾ ಕೊನೆಗೆ ಕೊಟ್ಟ ತೀರ್ಮಾನ ಮಗನಿಗೂ ಮೊಮ್ಮಗನಿಗೂ ಅನಿರೀಕ್ಷಿತವಾಗಿತ್ತು. “ಒಯ್ಯೂದಿದ್ರ ಒಯ್ಯೊ ತಮ್ಮಾ. ಆದ್ರ ಮೊದಲ ಪ್ಲಗ್ ಬಿಚ್ಚಿ ಸ್ವಚ್ಛ ಮಾಡಾಕ ಕಲಿ, ಎಣ್ಣಿ ಬೆರಸಾಕ ಕಲಿ. ಅದು ತಿಳೀಲಾರದವರ ಕೈಯಾಗ ಇದು ಬರೇ ಕಬ್ಬಿಣ” ಎಂದರು.

ಆ ದೀಪಾವಳಿಯ ರಜೆಯಲ್ಲಿ ಮೊಮ್ಮಗ ನಾಲ್ಕು ದಿನ ಗಾಡಿಯ ಪಕ್ಕದಲ್ಲಿ ಕೂತ. ಆಯಿ ಕಂದೀಲು ಹಿಡಿಯಲಿಲ್ಲ. ಆ ಕೆಲಸವನ್ನು ಮಗನಿಗೆ ವಹಿಸಿ, ದೂರದಲ್ಲಿ ಕೂತು ಶೇಂಗಾ ಬಿಡಿಸುತ್ತ ನಕ್ಕರು. ಗಾಡಿ ಬೆಂಗಳೂರಿಗೆ ಹೋಗುವುದೋ ಕನ್ನೊಳ್ಳಿಯಲ್ಲೇ ಉಳಿಯುವುದೋ ಇನ್ನೂ ಇತ್ಯರ್ಥವಾಗಿಲ್ಲ.

ಹಳೆಯ ಗಾಡಿಯಿರುವ ಮನೆಯವರು ಈ ಕ್ರಮವನ್ನು ಅನುಸರಿಸಿದರೆ ನಷ್ಟವಿಲ್ಲ. ಬೆಲೆ ಕಟ್ಟುವುದಕ್ಕಿಂತ ಮೊದಲು, ಹೊಳಪು ಕೊಡಿಸುವುದಕ್ಕಿಂತ ಮೊದಲು, ಓಡಿಸಿದವರನ್ನೂ ಕಾದವರನ್ನೂ ಕೂರಿಸಿಕೊಂಡು ಗಾಡಿಯ ವೃತ್ತಾಂತವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ: ಕೊಂಡ ವರ್ಷ, ಸಂಖ್ಯೆ, ಹೊತ್ತ ಹೊರೆ, ಕೈಕೊಟ್ಟ ರಾತ್ರಿ, ಹೊತ್ತಿಸುವ ಕ್ರಮ. ಬಿಡಿಭಾಗಗಳನ್ನು ಹುಡುಕಿದರೆ ಎಲ್ಲಿಯಾದರೂ ಸಿಕ್ಕಾವು. ಆ ವಿವರಗಳನ್ನು ಹೇಳಬಲ್ಲವರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.